ಕಾರಿನ್ ವೀರೆಂಗಾ ಮುಚ್ಚಿಡಿಸಿದ ಅಂಕಗಳು

ನನ್ನ ಕೈಬರಹ ಚೆನ್ನಾಗಿಲ್ಲ. ಸಾಲು ನೇರವಾಗಿ ಶುರುವಾಗಿ ಕೊನೆಗೆ ಬರುವ ಹೊತ್ತಿಗೆ ಕೆಳಗಿಳಿದಿರುತ್ತದೆ. ಮಾತುಗಳೂ ಹೆಚ್ಚಿಗೆ ಬಾರವು. ಹನ್ನೊಂದನೇ ತರಗತಿಯಲ್ಲೇ ಶಾಲೆ ಬಿಟ್ಟವಳು ನಾನು. ಓದುವವರು ಮನ್ನಿಸಬೇಕು. ತಪ್ಪು ಬರೆಯಬಾರದೆಂದು ಎರಡು ಸಲ ಹರಿದುಹಾಕಿ ಮತ್ತೆ ಬರೆದಿದ್ದೇನೆ. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಮಾತ್ರ ಯಾರೂ ಕೇಳಬಾರದು.

ನಮ್ಮೂರು ಓಸ್ಟರ್‌ವೀನ್‌ನಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದ ಯಾವ ತಾಯಿಯೂ ಕಾರಿನ್ ವೀರೆಂಗಾಳ ಅಡುಗೆಮನೆಯ ಮೇಜಿಗೆ ಹೋಗಿ ಕೂರದೆ ಇರಲಿಲ್ಲ. ಕಾರಿನ್ ಕಾಲೇಜಿಗೆ ಹೋದದ್ದು ಒಂದೇ ವರ್ಷ. ಆಮೇಲೆ ಮದುವೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ. ಗಂಡ ಗ್ಯಾರಿ ಆಫೀಸು ಕುರ್ಚಿ ಮಾಡುವ ಫ್ಯಾಕ್ಟರಿಯಲ್ಲಿ ಮೇಸ್ತ್ರಿ. ಇಂಥವಳು ಊರಿಗೆಲ್ಲ ಕಾಲೇಜಿನ ಬುದ್ಧಿ ಹೇಳುವವಳಾದದ್ದು ಹಿರಿಯ ಮಗ ಬ್ರೆಂಟ್‌ನಿಂದ. ನಾಲ್ಕು ವರ್ಷದ ಹಿಂದೆ ಅವನಿಗೆ ಶಿಕಾಗೋದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಅಂದೇ ಆ ಹೆಸರು ವ್ಯಾನಿನ ಹಿಂದಿನ ಗಾಜಿಗೆ ಅಂಟಿಕೊಂಡಿತು. ಶನಿವಾರ ಗ್ಯಾರಿ ವ್ಯಾನು ತೊಳೆಯುವಾಗ ಉಳಿದ ಗಾಜನ್ನೆಲ್ಲ ಬ್ರಷ್ ಹಾಕಿ ಉಜ್ಜಬಹುದಿತ್ತು. ಆ ಸ್ಟಿಕ್ಕರ್ ಇದ್ದ ಜಾಗವನ್ನು ಮಾತ್ರ ಕಾರಿನ್ ತಾನೇ ಬಂದು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದಳು.

ನಮ್ಮ ಕಡೆ ಮಕ್ಕಳು ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಮಟ್ಟದ ಪಾಠ ಓದಿ ಮೇ ತಿಂಗಳಲ್ಲಿ ಎ.ಪಿ. ಪರೀಕ್ಷೆ ಬರೆಯುತ್ತಾರೆ. ಒಂದರಿಂದ ಐದರವರೆಗೆ ಅಂಕ. ಕಾಲೇಜಿಗೆ ಅರ್ಜಿ ಹಾಕುವಾಗ ಆ ಅಂಕಗಳನ್ನು ಹೇಳಲೇಬೇಕೆಂದಿಲ್ಲ. ಬೇಕಾದ್ದನ್ನು ಹೇಳಬಹುದು, ಬೇಡವಾದ್ದನ್ನು ಬಿಡಬಹುದು. ‘ಬಿಡಬಹುದು’ ಎಂಬ ಈ ಒಂದು ಮಾತಿನ ಮೇಲೆ ಕಾರಿನ್ ತನ್ನ ದೊಡ್ಡಸ್ತಿಕೆಯನ್ನೆಲ್ಲ ಕಟ್ಟಿಕೊಂಡಿದ್ದಳು. ಬ್ರೆಂಟ್‌ಗೆ ಹಿಸ್ಟರಿಯಲ್ಲಿ ಮೂರು ಬಂದಿತ್ತು. ಅದನ್ನು ಹೇಳಬೇಡ ಎಂದವಳು ಅವಳು. ಬ್ರೆಂಟ್‌ಗೆ ಸೀಟು ಸಿಕ್ಕಿತು. ಆದ್ದರಿಂದ, ಸೀಟು ಸಿಕ್ಕಿದ್ದು ಆ ಮೂರನ್ನು ಮುಚ್ಚಿಟ್ಟದ್ದರಿಂದ. ಹುಡುಗ ಚಿಕ್ಕಂದಿನಿಂದ ಪುಸ್ತಕದಲ್ಲಿ ಮೂಗು ಹುದುಗಿಸಿಕೊಂಡೇ ಬೆಳೆದವನು ಎಂಬುದು ಆ ಲೆಕ್ಕಕ್ಕೆ ಬರಲಿಲ್ಲ.

ಅವಳ ಬಳಿ ಬರುವವರು ದುಡ್ಡು ಕೊಡುತ್ತಿರಲಿಲ್ಲ. ಬಾದಾಮಿ ಹೂರಣದ ಬ್ಯಾಂಕೆಟ್ ಎಂಬ ತಿನಿಸನ್ನೋ, ಮುಚ್ಚಳದ ಡಬ್ಬಿಯಲ್ಲಿ ಬಟಾಣಿ ಸೂಪನ್ನೋ ತರುತ್ತಿದ್ದರು. ಕಾರಿನ್ ಅದನ್ನು ತೆರೆದು ನೋಡದೆ ಪಕ್ಕಕ್ಕಿಟ್ಟು, ಕನ್ನಡಕ ಏರಿಸಿ, ಅಂಕಗಳ ಹಾಳೆಯನ್ನು ಎರಡು ಬೆರಳಿನಿಂದ ಹಿಡಿಯುತ್ತಿದ್ದಳು. ಹಳೆಯ ಮೀನು ಹಿಡಿದ ಹಾಗೆ.

ಮಾರ್ಲಾ ಹುಕ್‌ಸ್ಟ್ರಾ ಮಗಳು ಕೆಂಡ್ರಾಳನ್ನು ಕರೆದುಕೊಂಡು ಬಂದಾಗಲೂ ಹಾಗೇ ಹಿಡಿದಳು.

"ನಾಲ್ಕರಲ್ಲೂ ಮೂರೇ ಬಂದಿದೆ, ಕಾರಿನ್" ಎಂದಳು ಮಾರ್ಲಾ. "ಮೂರು ಅಂದ್ರೆ ಪಾಸು ತಾನೆ?"

"ಪಾಸು ಅನ್ನೋದು ಡ್ರೈವಿಂಗ್ ಲೈಸೆನ್ಸಿಗೆ ಸರಿ, ಮಾರ್ಲಾ. ಮೂರು ಅಂದ್ರೆ ಹುಡುಗಿ ದಿನಾ ಕ್ಲಾಸಿಗೆ ಬಂದು ಕೂತಿದ್ಲು ಅಂತ ಅರ್ಥ. ಕೂತಿದ್ದಕ್ಕೆ ಯಾರಾದ್ರೂ ಸೀಟು ಕೊಡ್ತಾರಾ?"

ಕೆಂಡ್ರಾ ಮೆಲ್ಲಗೆ ಬಾಯಿ ಬಿಟ್ಟಳು. "ಸ್ಟೇಟ್ ಯೂನಿವರ್ಸಿಟೀಲಿ ಮೂರಕ್ಕೂ ಬೆಲೆ ಇದೆಯಂತೆ, ಮಿಸೆಸ್ ವೀರೆಂಗಾ. ಆ ಪಾಠ ಅಲ್ಲಿ ಮತ್ತೆ ಓದ್ಬೇಕಾಗಿಲ್ವಂತೆ."

"ಯಾರಂದ್ರು?"

"ಅವರ ವೆಬ್‌ಸೈಟಲ್ಲೇ ಇದೆ."

"ವೆಬ್‌ಸೈಟಲ್ಲಿ ಏನೇನೋ ಇರುತ್ತೆ ಕಣಮ್ಮ. ನಾಳೆ ನೀನು ಅಲ್ಲಿ ಹೋಗಿ ಕೂತಾಗ ಪ್ರೊಫೆಸರ್ ನಿನ್ನ ಹೆಸರಿನ ಮುಂದೆ ಮೂರು, ಮೂರು, ಮೂರು ಅಂತ ನೋಡ್ಬೇಕಾ? ಮುಚ್ಚಿದ್ದು ಮುಚ್ಚಿದ ಹಾಗೇ ಇರ್ಲಿ. ಸೇರ್ಕೊಂಡ್ಮೇಲೂ ಬಾಯಿ ಬಿಡಬೇಡ."

ತಾಯಿ ಮಗಳು ಇಬ್ಬರೂ ತಲೆಯಾಡಿಸಿದರು. ಕೆಂಡ್ರಾ ಸ್ಟೇಟ್ ಯೂನಿವರ್ಸಿಟಿಗೆ ಸೇರಿ, ಒಮ್ಮೆ ಪಾಸಾದ ಬಯಾಲಜಿಯನ್ನು ಅಲ್ಲಿ ಮೊದಲಿನಿಂದ ಓದಿದಳು. ಅದೇ ಕಪ್ಪೆ, ಅದೇ ಜೀವಕೋಶ. ಶುಲ್ಕ ಬೇರೆ. ನಾಚಿಕೆಯನ್ನು ಮುಚ್ಚಿಡಲು ಇಷ್ಟು ಕಷ್ಟಪಡುವ ಜನ ನಮ್ಮೂರಲ್ಲಿ ಬಿಟ್ಟರೆ ಬೇರೆಲ್ಲೂ ಸಿಗಲಾರರು.

ಇಷ್ಟಾದರೂ ಕಾರಿನ್‌ಳಲ್ಲಿ ಒಂದು ಗುಣವಿತ್ತೆಂದು ಒಪ್ಪಬೇಕು. ಅವಳು ಯಾರ ಅಂಕವನ್ನೂ ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ನಮ್ಮವರು ಅಂಕದ ಮಾತು ಆಡುವುದಿಲ್ಲ. ಐದು ಬಂದರೆ ಹೇಳುವುದು ಜಂಬ, ಎರಡು ಬಂದರೆ ಹೇಳುವುದು ಅವಮಾನ. ಹೀಗಾಗಿ ಇಡೀ ಊರಿನ ಅಂಕಗಳು ಒಬ್ಬಳ ಹೊಟ್ಟೆಯಲ್ಲಿ ಕೂತಿದ್ದವು. ಭಾನುವಾರ ಚರ್ಚಿನಲ್ಲಿ ಮೂರನೇ ಸಾಲಿನಲ್ಲಿ ಕೂತು ಅವಳು ಮುಂದಿನ ತಲೆಗಳನ್ನು ನೋಡುತ್ತಿದ್ದಳು. ಆ ತಲೆಗೆ ಮೂರು, ಈ ತಲೆಗೆ ಎರಡು, ಅಗೋ ಆ ಟೋಪಿಯವಳ ಮಗನಿಗೆ ಒಂದು. ಪಾದ್ರಿಗಳ ಪ್ರವಚನಕ್ಕಿಂತ ಇದು ಅವಳಿಗೆ ಹೆಚ್ಚು ಸಮಾಧಾನ ಕೊಡುತ್ತಿತ್ತು.

ಆಮೇಲೆ ಸ್ವಂತ ಮಗಳ ಸರದಿ ಬಂತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಜೋಯೆಲ್ ಅಡುಗೆಮನೆಯಲ್ಲಿ ನಿಂತುಕೊಂಡೇ ಫೋನ್ ನೋಡಿ ಓದಿದಳು. "ಇಂಗ್ಲಿಷ್ ಐದು. ಹಿಸ್ಟರಿ ಐದು. ಬಯಾಲಜಿ ನಾಲ್ಕು. ಕೆಮಿಸ್ಟ್ರಿ ಎರಡು."

"ಇನ್ನೊಂದ್ಸಲ ನೋಡು" ಎಂದಳು ಕಾರಿನ್.

"ನೋಡ್ದೆ ಅಮ್ಮ. ಎರಡೇ ಇದೆ."

"ಬೇರೆ ಯಾರದ್ದೋ ಇರ್ಬೇಕು."

"ಬೇರೆಯವರ ಎರಡನ್ನ ನಂಗ್ಯಾಕೆ ಕೊಡ್ತಾರೆ? ನಂದೇ."

ಜೋಯೆಲ್‌ಗೆ ಹದಿನೇಳು ವರ್ಷ. ಅಣ್ಣನ ವಿಶ್ವವಿದ್ಯಾಲಯಕ್ಕೇ ಹೋಗಬೇಕೆಂದು ಅವಳಿಗೂ ಆಸೆ ಇತ್ತು. ಅದು ತಾಯಿ ಹೇರಿದ್ದಲ್ಲ. ಆದರೆ ಅಲ್ಲಿ ಹೋಗಿ ಓದಬೇಕೆಂದಿದ್ದದ್ದು ಕೆಮಿಸ್ಟ್ರಿಯನ್ನು. ಕಾರಿನ್ ಪಾತ್ರೆ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟು, ಊರವರಿಗೆ ಹೇಳುವ ದನಿಯಲ್ಲಿ ಹೇಳಿದಳು:

"ಸರಿ. ಮೂರು ವಿಷಯದ ಅಂಕ ಹಾಕ್ತೀವಿ. ನಾಲ್ಕನೇದು ಹುಟ್ಟಲೇ ಇಲ್ಲ."

"ಹುಟ್ಟಿದೆ. ಕೆಮಿಸ್ಟ್ರಿ ಓದ್ತೀನಿ ಅಂತ ಅರ್ಜೀಲಿ ಬರ್ದು ಕೆಮಿಸ್ಟ್ರಿ ಅಂಕನ ಮಾತ್ರ ಬಿಟ್ರೆ ಏನ್ ಚೆನ್ನಾಗಿರುತ್ತೆ?"

"ಕೆಮಿಸ್ಟ್ರಿ ಓದ್ತೀನಿ ಅಂತ ಬರ್ದು ಅದ್ರಲ್ಲೇ ಎರಡು ಅಂತ ಹಾಕಿದ್ರೆ ಚೆನ್ನಾಗಿರುತ್ತಾ? ನಗ್ತಾರೆ ಕಣೇ. ಆ ಆಫೀಸಲ್ಲಿ ಒಬ್ರಿಗೊಬ್ರು ತೋರಿಸ್ಕೊಂಡು ನಗ್ತಾರೆ."

"ನಗ್ಲಿ. ನಕ್ಕು ಆಮೇಲೆ ತಗೊಂಡ್ರೆ ತಗೊಳ್ಲಿ. ಅದು ಬರಲ್ಲ ನಂಗೆ, ಆದ್ರೂ ಬಿಡೋಕಾಗಲ್ಲ, ಅದನ್ನ ಅವರಿಗೆ ಹೇಳ್ಬೇಕು. ಹೇಳದೆ ಸೇರ್ಕೊಂಡ್ರೆ ಅವರು ಸೇರಿಸ್ಕೊಂಡಿದ್ದು ನನ್ನನ್ನಲ್ಲ ಅಮ್ಮ. ನೀನು ಮಾಡಿಟ್ಟ ಯಾವ್ದೋ ಹುಡುಗೀನ."

ಮೂಲೆಯಲ್ಲಿ ಬೂಟಿನ ದಾರ ಕಟ್ಟುತ್ತಿದ್ದ ಗ್ಯಾರಿ, "ಅವಳ ಅಂಕ, ಅವಳಿಷ್ಟ" ಎಂದ. ಕಾರಿನ್ ಅವನನ್ನು ನೋಡಿದ ರೀತಿಗೆ ಮಿಕ್ಕ ದಾರವನ್ನು ಕಾರಿನಲ್ಲೇ ಕಟ್ಟಿಕೊಂಡರಾಯಿತೆಂದು ಎದ್ದು ಹೋದ.

ಕಾರಿನ್‌ಗೆ ಮಗಳ ಮಾತು ಅರ್ಥವೇ ಆಗಲಿಲ್ಲ ಎಂದೇನೂ ಅಲ್ಲ. ಅರ್ಥವಾದದ್ದಕ್ಕೇ ಸಿಟ್ಟು ಬಂತು. ವ್ಯಾನಿನ ಗಾಜಿನಲ್ಲಿ ಆ ಸ್ಟಿಕ್ಕರ್‌ನ ಪಕ್ಕ ಇನ್ನೊಂದಕ್ಕೆ ಅವಳು ಆಗಲೇ ಜಾಗ ನೋಡಿಟ್ಟಿದ್ದಳು. ಒಬ್ಬ ಮಗ ಹೋದರೆ ಅದೃಷ್ಟ ಎನ್ನುತ್ತಾರೆ. ಇಬ್ಬರೂ ಹೋದರೆ ಅದು ತಾಯಿಯ ಕೈಗುಣವಾಗುತ್ತದೆ.

ಅಕ್ಟೋಬರ್‌ನಲ್ಲಿ ಮನೆಭೇಟಿ ಬಂತು. ನಮ್ಮ ಚರ್ಚಿನ ಹಿರಿಯರು ವರ್ಷಕ್ಕೊಮ್ಮೆ ಇಬ್ಬಿಬ್ಬರಾಗಿ ಪ್ರತಿ ಮನೆಗೂ ಬರುತ್ತಾರೆ. ಎಲ್ಲರೂ ಟಿ.ವಿ. ಆರಿಸಿ ಸೋಫಾದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರಬೇಕು. ದೇವರ ಮುಂದೆ ಹೇಳಿಕೊಳ್ಳಲು ಕಷ್ಟವಾಗುವಂಥದ್ದು ಈ ಮನೆಯಲ್ಲಿ ಏನಾದರೂ ಇದೆಯೇ ಎಂದು ಅವರು ಕೇಳುತ್ತಾರೆ. ಏನೂ ಇಲ್ಲ, ಎಲ್ಲ ಚೆನ್ನಾಗಿದೆ ಎಂದು ಮನೆಯವರು ಹೇಳುತ್ತಾರೆ. ಆಮೇಲೆ ಪ್ರಾರ್ಥನೆ, ಕಾಫಿ. ಅಪ್ಪ ಅಮ್ಮ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಮನೆಗಳಲ್ಲೂ ಇದೇ ಉತ್ತರ ಬಂದದ್ದನ್ನು ನಾನು ಬಲ್ಲೆ.

ಆ ವರ್ಷ ವೀರೆಂಗಾ ಮನೆಗೆ ಬಂದವರಲ್ಲಿ ಒಬ್ಬ ಮರೀನಸ್ ಡೆಕ್ಕರ್, ಹೊಲದಲ್ಲಿ ಸೆಲರಿ ಸೊಪ್ಪು ಬೆಳೆದು ಬೆಳೆದು ಬೆನ್ನು ಬಾಗಿದ ಮುದುಕ. ಕಿವಿ ಅಷ್ಟಕ್ಕಷ್ಟೆ, ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. ಇನ್ನೊಬ್ಬ ಹಾರ್ಲನ್ ಟರ್ಪ್‌ಸ್ಟ್ರಾ. ಊರಿನ ಮನೆಗಳಿಗೆಲ್ಲ ಹೀಟರ್ ಹಾಕಿಸುವ ಕಂಪನಿ ಅವನದು. ಎರಡು ವರ್ಷದ ಹಿಂದೆ ಅವನ ಹೆಂಡತಿ ಇದೇ ಮನೆಗೆ ಬಂದು, ಮಗ ಟ್ರೆಂಟ್‌ಗೆ ಫಿಸಿಕ್ಸ್‌ನಲ್ಲಿ ಬಂದ ಎರಡನ್ನು ಏನು ಮಾಡಲಿ ಎಂದು ಅತ್ತು ಹೋಗಿದ್ದಳು. ಕಾರಿನ್ ಮುಚ್ಚಿಡಿಸಿದ್ದಳು. ಟ್ರೆಂಟ್ ಈಗ ಒಳ್ಳೆಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ.

ಮರೀನಸ್ ವಾಡಿಕೆಯ ಪ್ರಶ್ನೆ ಕೇಳಿದ. ಕಾರಿನ್ "ಏನೂ ಇಲ್ಲ ಮರೀನಸ್ ಅವರೇ, ಎಲ್ಲಾ" ಎಂದು ಶುರು ಮಾಡುವಷ್ಟರಲ್ಲಿ ಜೋಯೆಲ್ ಹೇಳಿದಳು:

"ನಂದೊಂದಿದೆ."

ಕಾರಿನ್‌ಳ ಕೈ ಕಾಫಿ ಜಗ್ಗಿನ ಮೇಲೆ ನಿಂತಿತು.

"ಕಾಲೇಜು ಅರ್ಜೀಲಿ ನಂಗೆ ಬಂದ ಎಲ್ಲಾ ಅಂಕ ಹಾಕ್ಬೇಕು ಅಂತ ನಾನು. ಒಂದನ್ನ ಬಿಡ್ಬೇಕು ಅಂತ ಅಮ್ಮ. ಕೊನೇಲಿ, ಬರೆದಿದ್ದೆಲ್ಲ ನಿಜ ಅಂತ ನಾನು ಸಹಿ ಹಾಕ್ಬೇಕು. ಬಿಟ್ಟು ಸಹಿ ಹಾಕಿದ್ರೆ ಸುಳ್ಳಾಗುತ್ತಾ, ಇಲ್ವಾ?"

"ಎಷ್ಟು ಬಂದಿದೆ ಆ ಒಂದಕ್ಕೆ?" ಎಂದ ಮರೀನಸ್.

"ಎರಡು."

"ಎಷ್ಟಕ್ಕೆ?"

"ಐದಕ್ಕೆ."

"ನಮ್ಮ ಕಾಲದಲ್ಲಿ ಎರಡು ಬಂದೋರ್ಗೆ ಊಟ ಹಾಕ್ತಿದ್ರಪ್ಪ. ಒಂದು ಬಂದ್ರೆ ಹೊಲಕ್ಕೆ ಕಳಿಸ್ತಿದ್ರು. ನನ್ನ ಕಳಿಸಿದ್ರು." ಎಂದು ಹೇಳಿ ಅವನು ಬ್ಯಾಂಕೆಟ್ಟಿನ ತಟ್ಟೆಯ ಕಡೆ ನೋಡಿದ. ಹಿರಿಯರ ಮಂಡಲಿಯಿಂದ ಆ ಪ್ರಶ್ನೆಗೆ ಸಿಕ್ಕ ಆಧ್ಯಾತ್ಮಿಕ ಉತ್ತರ ಅಷ್ಟೇ.

ಹಾರ್ಲನ್ ಗಂಟಲು ಸರಿಮಾಡಿಕೊಂಡ. "ನೋಡು ಜೋಯೆಲ್, ಅವರು ಕೇಳದೆ ಇದ್ದಿದ್ದನ್ನ ನೀನು ಹೇಳದೆ ಇದ್ರೆ ಅದು ಸುಳ್ಳಲ್ಲ."

"ಕೇಳಿದ್ದಾರೆ, ಮಿಸ್ಟರ್ ಟರ್ಪ್‌ಸ್ಟ್ರಾ. ಅದಕ್ಕೇ ಜಾಗ ಬಿಟ್ಟಿದ್ದಾರೆ."

ಇಲ್ಲಿಗೆ ಅವನು ನಿಲ್ಲಿಸಿದ್ದರೆ ಕಾರಿನ್ ಅವನಿಗೆ ಎರಡನೇ ಲೋಟ ಕಾಫಿ ಕೊಟ್ಟು ಕಳಿಸುತ್ತಿದ್ದಳು. ಆದರೆ ಉಪದೇಶ ಕೊಡಲು ಬಂದವನಿಗೆ ಉಪದೇಶ ಕೊಡದೆ ಎದ್ದುಹೋಗುವುದು ಕಷ್ಟ. ಹಾರ್ಲನ್ ಮುಂದಕ್ಕೆ ಬಾಗಿ, ಕೈಗಳನ್ನು ಜೋಡಿಸಿಕೊಂಡು ಹೇಳಿದ:

"ಮುಚ್ಚೋದಾ ಬಿಚ್ಚೋದಾ ಅನ್ನೋ ಪ್ರಶ್ನೆ ಯಾಕೆ ಬಂತು ಅಂತ ಯೋಚ್ನೆ ಮಾಡಮ್ಮ. ಓದಿದ್ರೆ ಬರ್ತಾನೇ ಇರ್ಲಿಲ್ಲ. ನಮ್ಮ ಟ್ರೆಂಟ್‌ನ ನೋಡು. ಅವನಿಗೂ ಫಿಸಿಕ್ಸ್ ಕಷ್ಟ ಇತ್ತು. ಕೂತು ಓದ್ದ, ಪ್ರಾರ್ಥನೆ ಮಾಡ್ದ. ಮುಚ್ಚಿಡೋ ಅಂಥದ್ದು ಏನೂ ಉಳೀಲಿಲ್ಲ."

ತಾಯಿಯಾಗಿ ಮಗಳಿಗೆ ತಾನು ಏನು ಬೇಕಾದರೂ ಅನ್ನಬಹುದು. ಆದರೆ ತನ್ನ ಸೋಫಾದ ಮೇಲೆ ಕೂತು, ತನ್ನ ಬ್ಯಾಂಕೆಟ್ ತಿಂದು, ಈ ಮನುಷ್ಯ ತನ್ನ ಮಗಳಿಗೆ ಸೋಮಾರಿ ಎನ್ನುತ್ತಿದ್ದಾನೆ. ಅದೂ ತಾನೇ ಕಾಪಾಡಿದ ಆ ಟ್ರೆಂಟ್‌ನ ಹೆಸರು ಹಿಡಿದುಕೊಂಡು. ಕಾರಿನ್‌ಳ ಕತ್ತಿನಿಂದ ಕೆಂಪು ಏರಿತು.

"ಹಾರ್ಲನ್, ಟ್ರೆಂಟ್‌ಗೆ ಫಿಸಿಕ್ಸಲ್ಲಿ ಬಂದಿದ್ದೂ ಎರಡೇ. ನಿನ್ನ ಹೆಂಡ್ತಿ ಆ ಟೇಬಲ್ ಹತ್ರ ಕೂತು ನನ್ನ ಅರ್ಧ ಟಿಶ್ಯೂ ಡಬ್ಬಿ ಖಾಲಿ ಮಾಡಿದ್ಲು. ನಿಂಗೆ ಹೇಳಿಲ್ವಾ, ಇಲ್ಲಾ ನೀನೇ ಮರ್ತುಬಿಟ್ಯಾ?"

ಗ್ಯಾರಿ ನೆಲಹಾಸಿನ ಅಂಚನ್ನು ಕಾಲಿನಿಂದ ಸರಿಪಡಿಸಿದ. ಹಾರ್ಲನ್‌ನ ಮುಖ ಅವನೇ ಹಾಕಿಸಿದ ಹೀಟರಿನ ಹಾಗೆ ಆಗಿತ್ತು. ಕೊನೆಗೆ ಮರೀನಸ್, "ಪ್ರಾರ್ಥನೆ ಮಾಡೋಣ್ವಾ" ಎಂದು ಕಣ್ಣು ಮುಚ್ಚಿ, ಈ ಮನೆಯವರಿಗಾಗಿಯೂ, ಅರ್ಜಿ ಹಾಕುತ್ತಿರುವ ಈ ಮಗುವಿಗಾಗಿಯೂ, ಟ್ರೆಂಟ್‌ಗಾಗಿಯೂ ಅವನ ಫಿಸಿಕ್ಸ್‌ಗಾಗಿಯೂ ಎಳೆ ಎಳೆಯಾಗಿ ಬೇಡಿಕೊಂಡ.

ಅವರು ಹೋದ ಮೇಲೆ ಜೋಯೆಲ್ ಹೇಳಿದಳು: "ಅಮ್ಮ, ನೀನು ಯಾರದ್ದೂ ಹೇಳಲ್ಲ ಅಂದ್ಕೊಂಡಿದ್ದೆ."

"ನಿನ್ನಿಂದ ಆಗಿದ್ದು."

"ಸರಿ. ಅದನ್ನೂ ನನ್ನ ಲೆಕ್ಕಕ್ಕೇ ಬರ್ಕೋ."

ಮರೀನಸ್ ಮರುದಿನ ಬೆಳಿಗ್ಗೆ ಬೇಕರಿಯಲ್ಲಿ ತನ್ನ ಸ್ನೇಹಿತರ ಜೊತೆ ಕಾಫಿಗೆ ಕೂತ. ಅಷ್ಟು ಸಾಕಾಯಿತು. ಮಧ್ಯಾಹ್ನಕ್ಕೆ ಟ್ರೆಂಟ್‌ನ ಎರಡು ಊರಿಗೆಲ್ಲ ಗೊತ್ತಾಗಿತ್ತು. ಸಂಜೆಗೆ ಅದಕ್ಕಿಂತ ದೊಡ್ಡದೊಂದು ಗೊತ್ತಾಗಿತ್ತು. ಕಾರಿನ್ ಬಾಯಿ ಬಿಟ್ಟಿದ್ದಾಳೆ. ಟ್ರೆಂಟ್‌ನದ್ದನ್ನು ಹೇಳಿದವಳು ನಮ್ಮದನ್ನೂ ಹೇಳುತ್ತಾಳೆ. ಸಿಟ್ಟು ಮಾಡಿಕೊಂಡು ಯಾರೂ ಜಗಳಕ್ಕೆ ಬರಲಿಲ್ಲ. ನಮ್ಮವರಿಗೆ ಅಷ್ಟು ಧೈರ್ಯವಿಲ್ಲ. ಭಾನುವಾರ ಪ್ರವಚನ ಶುರುವಾದಾಗ ಮಾಮೂಲಿನಂತೆ, ಎಲ್ಲರೂ ಒಂದೊಂದು ಬಾಯಿಗೆ ಹಾಕಿಕೊಳ್ಳುವ ಪೆಪ್ಪರ್‌ಮಿಂಟಿನ ಸುರುಳಿ ಮೂರನೇ ಸಾಲಿನಲ್ಲಿ ಕೈಯಿಂದ ಕೈಗೆ ಬಂತು. ಗ್ಯಾರಿಯವರೆಗೆ ಬಂತು. ಗ್ಯಾರಿ ಒಂದು ತೆಗೆದುಕೊಂಡು ಹೆಂಡತಿಗೆ ಕೊಡುವ ಮೊದಲೇ ಹಿಂದಿನ ಸಾಲಿನ ಕೈಯೊಂದು ಮೆತ್ತಗೆ ಬಂದು ಸುರುಳಿಯನ್ನು ಅವನ ಕೈಯಿಂದ ತೆಗೆದುಕೊಂಡಿತು. ಕಾರಿನ್ ಪ್ರವಚನದುದ್ದಕ್ಕೂ ಒಣಬಾಯಲ್ಲಿ ಕೂತಳು. ಮುಂದಿನ ತಲೆಗಳನ್ನು ಅಂದು ಎಣಿಸಲಿಲ್ಲ.

ಅಡುಗೆಮನೆಗೆ ಬರುವವರು ನಿಂತರು. ಅರ್ಜಿಗಳ ಕಾಲ, ಫೋನ್ ಬಿಡುವಿಲ್ಲದೆ ರಿಂಗಾಗಬೇಕಾದ ಕಾಲ. ಒಂದು ಡಬ್ಬಿ ಸೂಪೂ ಬರಲಿಲ್ಲ. ಕಾರಿನ್ ಇದನ್ನು ನೋಡಿ ತಾನು ಮಾಡಿದ್ದೇನೆಂದು ಯೋಚಿಸಬಹುದಿತ್ತು. ಯೋಚಿಸಿದಳು ಕೂಡ. ಯೋಚಿಸಿ, ಜೋಯೆಲ್‌ಗೆ ಸೀಟು ಸಿಕ್ಕರೆ ಎಲ್ಲರೂ ಡಬ್ಬಿ ಹಿಡಿದುಕೊಂಡು ತಾವಾಗಿಯೇ ಬರುತ್ತಾರೆ ಎಂಬಲ್ಲಿಗೆ ತಲುಪಿದಳು. ಹಾಗಾಗಿ ಆ ಎರಡು ಹೋಗಕೂಡದು.

ಅರ್ಜಿ ಇದ್ದದ್ದು ಕಂಪ್ಯೂಟರಿನಲ್ಲಿ. ಬೇಸಿಗೆಯಲ್ಲಿ ಅದರ ಖಾತೆ ತೆರೆದುಕೊಟ್ಟವಳು ಕಾರಿನ್‌ಳೇ ಆದ್ದರಿಂದ ಪಾಸ್‌ವರ್ಡ್ ಅವಳಿಗೆ ಗೊತ್ತಿತ್ತು. ಜೋಯೆಲ್ ವಾಲಿಬಾಲ್ ಅಭ್ಯಾಸಕ್ಕೆ ಹೋದಾಗ ಕಾರಿನ್ ಒಳಹೊಕ್ಕು ಕೆಮಿಸ್ಟ್ರಿಯ ಸಾಲನ್ನು ಅಳಿಸಿದಳು. ಸಂಜೆ ಜೋಯೆಲ್ ಅದನ್ನು ಮತ್ತೆ ಹಾಕಿದಳು. ಮರುದಿನ ತಾಯಿ ಅಳಿಸಿದಳು. ಮರುಸಂಜೆ ಮಗಳು ಹಾಕಿದಳು. ಊಟದ ಮೇಜಿನಲ್ಲಿ ಇಬ್ಬರೂ ಉಪ್ಪು ಕೊಡು, ರೊಟ್ಟಿ ಕೊಡು ಎಂದು ಮಾತಾಡುತ್ತಿದ್ದರು. ಈ ವಿಷಯ ಒಬ್ಬರೂ ಎತ್ತಲಿಲ್ಲ. ಗ್ಯಾರಿಗೆ ಏನೋ ನಡೆಯುತ್ತಿದೆ ಎಂದು ಮಾತ್ರ ಗೊತ್ತಾಗುತ್ತಿತ್ತು, ಏನೆಂದು ಕೇಳುವಷ್ಟು ಮೂರ್ಖ ಅವನಲ್ಲ.

ಗಡುವಿಗೆ ಎರಡು ದಿನ ಇರುವಾಗ ಕಾರಿನ್ ಅಳಿಸುವುದನ್ನು ನಿಲ್ಲಿಸಿದಳು. ಜೋಯೆಲ್ ಸಂಜೆ ನೋಡಿದಳು; ಎರಡು ಇತ್ತು. ಮರುದಿನವೂ ಇತ್ತು. ಅವಳು ಅಡುಗೆಮನೆಗೆ ಬಂದು ತಾಯಿಯ ಹೆಗಲ ಮೇಲೆ ಗಲ್ಲ ಇಟ್ಟಳು.

"ಥ್ಯಾಂಕ್ಸ್ ಅಮ್ಮ."

"ಯಾತಕ್ಕೆ?"

"ಯಾತಕ್ಕೂ ಇಲ್ಲ."

ಗಡುವಿನ ದಿನ ಬೆಳಿಗ್ಗೆ ಜೋಯೆಲ್ ಶಾಲೆಯಲ್ಲಿ ಕೂತು ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೂ ಓದಿ, ಎಲ್ಲ ಸರಿಯಿದೆ ಎಂದು ನಿಶ್ಚಯ ಮಾಡಿಕೊಂಡಳು. ಸಂಜೆ ಅಪ್ಪ ಅಮ್ಮನ ಮುಂದೆ ಕಳಿಸಬೇಕೆಂದು ಬಟನ್ ಒತ್ತದೆ ಬಿಟ್ಟಿದ್ದಳು. ಅಂಥ ಹುಡುಗಿ. ಮಧ್ಯಾಹ್ನ ಕಾರಿನ್ ತಲೆನೋವೆಂದು ಹೇಳಿ ಕ್ಲಿನಿಕ್ಕಿನಿಂದ ಬೇಗ ಬಂದಳು. ಕೋಟು ತೆಗೆಯದೆಯೇ ಕಂಪ್ಯೂಟರಿನ ಮುಂದೆ ಕೂತಳು. ಆಮೇಲೆ ಬಟಾಣಿ ನೆನೆಹಾಕಿದ್ದ ಪಾತ್ರೆಯನ್ನು ಒಲೆಯ ಮೇಲಿಟ್ಟಳು.

ಸಂಜೆ ಮೂವರೂ ಮೇಜಿನ ಸುತ್ತ ಸೇರಿದರು. ಜೋಯೆಲ್ ಪುಟಗಳನ್ನು ಸರಸರ ಕೆಳಗೆ ಸರಿಸುತ್ತಾ ಹೋದಳು. ಬೆಳಿಗ್ಗೆ ಓದಿದ್ದನ್ನೇ ಮತ್ತೆ ಓದುವುದಕ್ಕೇನಿದೆ. ಕಾರಿನ್ ಸೂಪು ತಿರುಗಿಸುತ್ತಾ ಬೆನ್ನು ಮಾಡಿ ನಿಂತಿದ್ದಳು. ಜೋಯೆಲ್ ತನ್ನ ಹೆಸರನ್ನು ಟೈಪ್ ಮಾಡಿ ಸಹಿ ಹಾಕಿದಳು.

"ಎರಡರ ಜೊತೆ ಹೋಗ್ತಿದೆ ನೋಡಪ್ಪ" ಎಂದಳು.

"ಹೋಗ್ಲಿ, ಹೋಗ್ಲಿ" ಎಂದ ಗ್ಯಾರಿ.

ಒತ್ತಿದಳು. ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಸುರಿದವು. ಗ್ಯಾರಿ ಚಪ್ಪಾಳೆ ತಟ್ಟಿದ. ಕಾರಿನ್ ಸೌಟು ಕೆಳಗಿಟ್ಟು ತಿರುಗಿ ತಾನೂ ತಟ್ಟಿದಳು.

ಡಿಸೆಂಬರ್ ನಡುವಿನಲ್ಲಿ ಉತ್ತರ ಬಂತು. ಸೀಟು ಸಿಕ್ಕಿತ್ತು.

ಜೋಯೆಲ್ ಅಂದು ತಾಯಿಯನ್ನು ಅಪ್ಪಿಕೊಂಡು ಬಿಡಲೇ ಇಲ್ಲ. "ನೋಡಿದ್ಯಾ ಅಮ್ಮ? ಎರಡು ನೋಡಿ ತಗೊಂಡ್ರು. ನೋಡಿ ತಗೊಂಡ್ರು."

ಕಾರಿನ್ ಮಗಳ ತಲೆಯ ಮೇಲಿಂದ ಫ್ರಿಜ್ಜನ್ನು ನೋಡುತ್ತಾ ನಿಂತಳು. ಗೆದ್ದದ್ದು ತಾನು, ಹಾಗೆಂದು ಅವಳಿಗೆ ಖಚಿತ. ಎರಡು ಹೋಗಿದ್ದರೆ ಆ ಜನ ಖಂಡಿತ ನಗುತ್ತಿದ್ದರು. ಆದರೆ ಈ ಗೆಲುವನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹೇಳಿದರೆ ಮಗಳು ಹೋಗುತ್ತಾಳೆ: ಮೊದಲು ಕೋಣೆಗೆ, ಆಮೇಲೆ ಶಿಕಾಗೋಗೆ, ಆಮೇಲೆ ಎಲ್ಲಿಗೋ. ಇಲ್ಲಾ, ಆ ಹುಡುಗಿ ವಿಶ್ವವಿದ್ಯಾಲಯಕ್ಕೇ ಬರೆದು ಎಲ್ಲವನ್ನೂ ಹೇಳಿ ಸೀಟನ್ನೇ ಕಳೆದುಕೊಂಡಾಳು. ಅವಳು ಅಂಥವಳೇ.

ಅಂದು ರಾತ್ರಿಯೂಟವಾದ ಮೇಲೆ ಗ್ಯಾರಿ ತಟ್ಟೆ ತೊಳೆಯುತ್ತಾ, ತಿರುಗಿ ನೋಡದೆ ಕೇಳಿದ: "ಕಾರಿನ್, ನೀನು ಆಮೇಲೆ ಅದನ್ನ ತೆಗೀಲಿಲ್ಲ ತಾನೆ?"

"ಯಾವುದನ್ನ?"

"ಸರಿ ಬಿಡು" ಎಂದ ಗ್ಯಾರಿ. ಮತ್ತೆಂದೂ ಕೇಳಲಿಲ್ಲ.

ಜೋಯೆಲ್‌ಗೆ ಜಂಬವಿರಲಿಲ್ಲ, ಆದರೆ ಸಂತೋಷವಿತ್ತು. ಅದನ್ನು ಅವಳು ಮುಚ್ಚಿಡಲಿಲ್ಲ. ಶಾಲೆಯಲ್ಲಿ ಹೇಳಿದಳು, ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲಿನ ಕಾಫಿಯಲ್ಲಿ ಹೇಳಿದಳು: ನನ್ನ ಎರಡನ್ನು ನಾನು ಹಾಕಿದ್ದೆ, ಆದರೂ ಕರೆದರು. ಊರಿನ ತಾಯಂದಿರು ಕೇಳಿಸಿಕೊಂಡರು. ಹಾಗಾದರೆ ಇಷ್ಟು ವರ್ಷ ಕಾರಿನ್ ಹೇಳಿದ್ದೆಲ್ಲ ಬೊಗಳೆ. ಮುಚ್ಚಿಡಬೇಕಾಗಿಯೇ ಇರಲಿಲ್ಲ. ಸ್ವಂತ ಮಗಳೇ ತಾಯಿಯ ಮಾತು ಮೀರಿ ಗೆದ್ದಿದ್ದಾಳೆ. ಅಡುಗೆಮನೆಗೆ ಯಾರೂ ಮರಳಿ ಬರಲಿಲ್ಲ. ಮೊದಲು ಭಯದಿಂದ ಬರುತ್ತಿರಲಿಲ್ಲ, ಈಗ ನಗು ತಡೆದುಕೊಳ್ಳಲಾಗದೆ ಬರಲಿಲ್ಲ. ಗಾಜಿನ ಮೇಲೆ ಎರಡನೇ ಸ್ಟಿಕ್ಕರ್ ಬಂತು. ಕಾರಿನ್ ಅದನ್ನು ಒರೆಸಲು ಹೋಗಲಿಲ್ಲ. ಗ್ಯಾರಿ ಬ್ರಷ್ ಹಾಕಿ ಉಜ್ಜಿದ.

ಜನವರಿಯ ಗಡುವುಗಳು ಹತ್ತಿರ ಬಂದಾಗ ದಿನಸಿ ಅಂಗಡಿಯ ಹೊರಗೆ ಮಾರ್ಲಾ ಹುಕ್‌ಸ್ಟ್ರಾ ಎದುರಾದಳು. ಅವಳ ಎರಡನೇ ಮಗಳು ಪೇಜ್ ಕೂಡ ಅರ್ಜಿ ಹಾಕುತ್ತಿದ್ದಳು.

"ಪೇಜ್‌ಗೆ ಗಣಿತದಲ್ಲಿ ಒಂದು ಬಂದಿದೆ ಕಾರಿನ್" ಎಂದಳು ಮಾರ್ಲಾ, ಪಾರ್ಕಿಂಗಿನಲ್ಲಿ ಹೋಗುವವರಿಗೆಲ್ಲ ಕೇಳುವ ಹಾಗೆ. "ಹೇಳ್ಕೊಳೋಕೆ ನಂಗೆ ನಾಚ್ಕೆ ಇಲ್ಲ. ನಿಮ್ಮ ಜೋಯೆಲ್ ಹಾಗೆ ಅವಳೂ ಹಾಕ್ತೀನಿ ಅಂತಿದ್ದಾಳೆ. ಕೆಂಡ್ರಾಗೆ ನೀನು ಹೇಳಿದ್ದು ಕೇಳಿ ಸಾಕಾಗಿದೆ ನಮಗೆ. ಹಾಕ್ಲಾ?"

ಅದು ಪ್ರಶ್ನೆಯೋ ಚುಚ್ಚೋ, ಎರಡೂ ಇದ್ದೀತು. ಕಾರಿನ್ ಸಾಮಾನು ತಳ್ಳುವ ಗಾಡಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಒಂದನ್ನು ನೋಡಿದ ಕೂಡಲೇ ಪೇಜ್‌ಳ ಅರ್ಜಿಯನ್ನು ಬದಿಗಿಡುತ್ತಾರೆ ಎಂದು ಅವಳಿಗೆ ಅನ್ನಿಸಿತು. ಹಾಕಬೇಡ ಎನ್ನಲು ಒಂದೇ ಮಾತು ಬೇಕಿತ್ತು. ಯಾಕೆ ಎಂದು ಮಾರ್ಲಾ ಕೇಳಿಯೇ ಕೇಳುತ್ತಿದ್ದಳು.

"ಹಾಕ್ಲಿ" ಎಂದಳು ಕಾರಿನ್. "ಒಳ್ಳೇದಾಗುತ್ತೆ."

ಮಾರ್ಚ್‌ನಲ್ಲಿ ಪೇಜ್ ಆಸೆಪಟ್ಟಿದ್ದ ಕಾಲೇಜು ಇಲ್ಲ ಎಂದಿತು. ಆ ಒಂದರಿಂದ ಇಲ್ಲ ಎಂದರೋ, ಬೇರೇನು ಕಾರಣವೋ, ಯಾರಿಗೂ ಗೊತ್ತಿಲ್ಲ. ಆ ಕಾಲೇಜುಗಳು ಹೇಳುವುದೂ ಇಲ್ಲ. ಮಾರ್ಲಾ ಮಾತ್ರ, "ಮುಚ್ಚಿಟ್ಟು ಸೇರೋದಕ್ಕಿಂತ ಇದೇ ವಾಸಿ" ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದಳು. ಕಾರಿನ್‌ಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಕ್ಲಿನಿಕ್ಕಿನಲ್ಲಿ ಪೇಜ್ ಹಲ್ಲು ತೋರಿಸಲು ಬಂದ ದಿನ ಅವಳ ಮುಖ ನೋಡದೆ ಅಪಾಯಿಂಟ್‌ಮೆಂಟ್ ಚೀಟಿ ಬರೆದುಕೊಟ್ಟಳು.

ಈಗ ಮೇ ತಿಂಗಳು. ನಾಳೆ ಭಾನುವಾರ, ಹೈಸ್ಕೂಲು ಮುಗಿಸುವ ಮಕ್ಕಳನ್ನು ಚರ್ಚಿನಲ್ಲಿ ನಿಲ್ಲಿಸಿ ಹರಸುವ ದಿನ. ಈ ಸಲ ಮಕ್ಕಳ ಪರವಾಗಿ ಮಾತಾಡಲು ಪಾದ್ರಿಗಳು ಜೋಯೆಲ್‌ಳನ್ನು ಕೇಳಿದ್ದಾರೆ; ವಿಷಯ ಪ್ರಾಮಾಣಿಕತೆ. ಇಂದು ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ನಿಂತು ತಾಯಿಗೆ ಓದಿ ತೋರಿಸಿದಳು. ಎರಡರ ವಿಷಯವೇ ಅದರ ತುಂಬ. ಕೊನೆಯಲ್ಲಿ, ಮೊದಲು ಬೇಡವೆಂದರೂ ಆಮೇಲೆ ತನ್ನನ್ನು ತನ್ನ ಪಾಡಿಗೆ ಬಿಟ್ಟ ಅಮ್ಮನಿಗೆ ಥ್ಯಾಂಕ್ಸ್ ಎಂದಿತ್ತು.

"ಈ ಕೊನೇ ಸಾಲು ಬೇಡ" ಎಂದಳು ಕಾರಿನ್.

"ಯಾಕಮ್ಮ?"

"ನನ್ನ ಹೆಸರು ಚರ್ಚಲ್ಲಿ ಯಾಕೆ."

"ಅದೇ ಮುಖ್ಯ ಸಾಲು. ಇರ್ಲಿ" ಎಂದು ಜೋಯೆಲ್ ನಕ್ಕು, ಹಾಳೆ ಮಡಿಚಿಕೊಂಡು ಮೇಲೆ ಹೋದಳು.

ಕಾರಿನ್ ಮೆಟ್ಟಿಲ ಬುಡದವರೆಗೆ ಹಿಂದೆ ಹೋದಳು. ಕೈಕಂಬಿಯ ಮೇಲೆ ಕೈ ಇಟ್ಟಳು. ಮೇಲೆ ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗೆ ಹುಡುಗಿ ಅದೇ ಸಾಲುಗಳನ್ನು ಗೋಡೆಗೆ ಹೇಳುತ್ತಿದ್ದಳು. ಕಾರಿನ್ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಹಿಂದಿರುಗಿ ಬಂದು ನಾಳೆಯ ಕಾಫಿಗೆ ಒಯ್ಯಬೇಕಾದ ಲೋಟಗಳನ್ನು ಡಬ್ಬಿಗೆ ತುಂಬಿದಳು.

ಅವಳು ಹೇಳುವುದಿಲ್ಲ. ನಾಳೆ ಮೂರನೇ ಸಾಲಿನಲ್ಲಿ ಗ್ಯಾರಿಯ ಪಕ್ಕ ಕೂತು ಮಗಳ ಮಾತನ್ನು ಕೊನೆಯವರೆಗೂ ಕೇಳುತ್ತಾಳೆ, ಎಲ್ಲರೂ ತನ್ನ ಕಡೆ ತಿರುಗಿದಾಗ ತಲೆಬಾಗಿಸುತ್ತಾಳೆ, ಆಮೇಲೆ ಹಾಲ್‌ಗೆ ಹೋಗಿ ಕಾಫಿ ಬಗ್ಗಿಸಿ ಕೊಡುತ್ತಾಳೆ.